ಮಳೆಗಾಲದಲ್ಲಿ ಶಿರಸಿ ಪ್ರವಾಸ

ಪ್ರಶ್ನೆ: ಜುಲೈ ತಿಂಗಳ ಒಂದು ಶನಿವಾರ, ಭಾನುವಾರ 72 ವರ್ಷದ ಅತ್ತೆ ಹಾಗೂ ಇಬ್ಬರು ಚಿಕ್ಕ ಮಕ್ಕಳೊಡನೆ ಶಿರಸಿಗೆ ಹೋಗಬೇಕೆಂದಿದ್ದೇವೆ. ಸಹಸ್ರಲಿಂಗ, ಯಾಣ, ಉಂಚಳ್ಳಿ, ಬನವಾಸಿ ಎಲ್ಲವನ್ನೂ ನೋಡಬಹುದೇ?
– ಓದುಗರು, ಕಾರವಾರ

ಉತ್ತರ: ಎರಡೇ ದಿನಗಳಲ್ಲಿ ನಾಲ್ಕೂ ಬೇಡ. ಮಳೆಗಾಲದಲ್ಲಿ ಶಾಲ್ಮಲೆ ತುಂಬಿ ಹರಿಯುವುದರಿಂದ ಸಹಸ್ರಲಿಂಗದ ಶಿಲಾಲಿಂಗಗಳು ನೀರಿನಡಿ ಮುಳುಗಿರುತ್ತವೆ, ಮಕ್ಕಳನ್ನು ಆ ಹೊಳೆಯ ಬಂಡೆಗಳ ಮೇಲೆ ಖಂಡಿತ ಇಳಿಸಬೇಡಿ. ಅದನ್ನು ಬೇಸಿಗೆಗೆ ಇಟ್ಟುಕೊಳ್ಳಿ. ದೈತ್ಯ ಶಿಲೆಗಳ ಯಾಣದ ಕಾಡುದಾರಿ ಮತ್ತು ಒದ್ದೆ ಮೆಟ್ಟಿಲುಗಳು ನಿಮ್ಮ ಅತ್ತೆಯವರಿಗೆ ಕಷ್ಟವಾದಾವು. ಅಘನಾಶಿನಿ 116 ಮೀಟರ್ ಧುಮುಕುವ ಉಂಚಳ್ಳಿಗೆ ಮಳೆ ಹೊಳವಾದ ಹೊತ್ತು ನೋಡಿ ಹೊರಡಿ, ಏಕೆಂದರೆ ಮಂಜು ಕವಿದರೆ ಜಲಪಾತದ ಸದ್ದಷ್ಟೇ ಕೇಳುತ್ತದೆ. ಕದಂಬರ ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಮಾತ್ರ ಹಿರಿಯರು ನೆಮ್ಮದಿಯಿಂದ ಕುಳಿತಿರಬಹುದು. ಉಂಬಳ (ಜಿಗಣೆ) ಹತ್ತಿದರೆ ಕಿತ್ತೆಳೆಯದೆ ಉಪ್ಪು ಹಾಕಿ ಬಿಡಿಸಿ. ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟವನ್ನು ಹಗಲಿನಲ್ಲೇ ದಾಟಿಕೊಳ್ಳಿ, ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿ.