ಮಹಾಗನಿ ಗಿಟಾರ್‌ಗೆ ಮರದ ಎಳೆ ಕಾಣುವಂಥ ಬಿಳಿ ಬಣ್ಣ ಕೊಡುವುದು ಹೇಗೆ?

ಮಹಾಗನಿ ಕೆಂಪು ಮರ. ಸುಮ್ನೆ ತೆಳು ಬಿಳಿ ಹೊಡೆದರೆ ಗುಲಾಬಿ ಕಾಣುತ್ತದೆ. ಫೆಂಡರ್ ಕಂಪನಿಯ ಹಳೇ ಬ್ಲಾಂಡ್ (ಎಳೆ ಕಾಣುವ ಕೆನೆಬಿಳಿ) ಗಿಟಾರ್‌ಗಳಿಗೆ ಆ ತೊಂದರೆ ಇರಲಿಲ್ಲ, ಕೆಳಗಿನ ಆಶ್ ಮರವೇ ತಿಳಿ ಬಣ್ಣದ್ದು.

ಹಾಗಾಗಿ ಮೊದಲು ಮರವನ್ನೇ ಬಿಳುಪಾಗಿಸಿ. ಕಾಸ್ಟಿಕ್ ಸೋಡಾ, ಹೈಡ್ರೋಜನ್ ಪೆರಾಕ್ಸೈಡ್ ಬೇರೆ ಬೇರೆ ಬಾಟಲಿಯಲ್ಲಿ ಬರುವ ವುಡ್ ಬ್ಲೀಚ್ ಬೇಕು, ಬಟ್ಟೆಯದ್ದು ಸಾಲದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಲೇಬೇಡಿ. ಮರ ಬಿಳುಪಾದ ಮೇಲೆ ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಮರದ ರಂಧ್ರ ತುಂಬುವ ಬಿಳಿ ಫಿಲ್ಲರ್‌, ಮೇಲ್ಮೈ ಮುಚ್ಚುವ ಸೀಲರ್ ಆದ ಮೇಲೆ ಬಣ್ಣವಿಲ್ಲದ ಮೆರುಗು, ಅಂದರೆ ಕ್ಲಿಯರ್ ಲ್ಯಾಕರ್‌ಗೆ ಚೂರೇ ಚೂರು ಬಿಳಿ ಬೆರೆಸಿ ಸ್ಪ್ರೇ ಮಾಡಿ. ಬಿಳಿ ಅನ್ನುವುದು ಪುಡಿ, ಕರಗುವ ಡೈ ಅಲ್ಲ; ಒಂದು ಕೋಟ್ ಜಾಸ್ತಿಯಾದರೂ ಎಳೆ ಮುಚ್ಚಿಹೋಗುತ್ತದೆ. ಕೊನೆಗೆ ಬರೀ ಕ್ಲಿಯರ್.

ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ಮಾತ್ರ ಸ್ಪ್ರೇ ಬೇಡ. ತೇವಕ್ಕೆ ಲ್ಯಾಕರ್ ತಾನಾಗಿಯೇ ಹಾಲಿನಂತೆ ಮಬ್ಬಾಗುತ್ತದೆ. ನೀವು ಕೇಳಿದ ಬಿಳಿ ಅದಲ್ಲ, ಅಲ್ವಾ!