‘ಎಲ್ಲ ಬಾಗಿಲುಗಳೂ ಬಂದವು’ ಎಂದು ಬರೆದವರಿಗೆ

ಮಾನ್ಯರೇ,

ನಿಮ್ಮ ‘ಒಂದೇ ಕ್ಲಿಕ್ಕಿಗೆ ಕಟ್ಟಡದ ಲೆಕ್ಕ’ ಲೇಖನ ತಲುಪಿದೆ. ಕಟ್ಟಡದ ಕಂಪ್ಯೂಟರ್ ಮಾಡೆಲ್‌ಗೆ ಫಿಲ್ಟರ್, ಅಂದರೆ ಸೋಸುವ ಷರತ್ತು, ಹಾಕಿ ಬೇಕಾದ್ದರ ಪಟ್ಟಿ ತೆಗೆಯುವ ಬಗೆಯನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ. ನಮ್ಮ ತುಮಕೂರಿನ ಸೈಟ್ ಎಂಜಿನಿಯರ್ ಒಬ್ಬರು ಬರೆದಿದ್ದೀರಿ ಎಂಬುದು ನನಗೆ ಸಂತೋಷ. ಭಾಷೆ ತಿಳಿಯಾಗಿದೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲಾರೆ. ಎರಡು ಸಾಲು ನಿನ್ನೆ ರಾತ್ರಿಯಿಂದ ನನ್ನ ತಲೆಯಲ್ಲೇ ಕೂತಿವೆ. ಮಿಕ್ಕಿದ್ದನ್ನು ಬಿಟ್ಟು ಅವೆರಡರ ಬಗ್ಗೆ ಹೇಳುತ್ತೇನೆ.

ಎರಡನೇ ಪುಟದಲ್ಲಿ ಬರೆದಿದ್ದೀರಿ: “ನೆಲಮಹಡಿ ಮತ್ತು ಮೊದಲ ಮಹಡಿಯ ಗೋಡೆಗಳು ಬೇಕಿದ್ದರೆ ಎರಡೂ ಷರತ್ತುಗಳನ್ನು ‘ಮತ್ತು’ ಎಂದು ಜೋಡಿಸಿ.” ಹೀಗೆ ಮಾಡಿದವರಿಗೆ ಖಾಲಿ ಪಟ್ಟಿ ಸಿಗುತ್ತದೆ. ಮಾತಿನಲ್ಲಿ ‘ಕೆಳಗಿನವೂ ಮೇಲಿನವೂ ಕೊಡು’ ಎಂದರೆ ಎರಡೂ ಗುಂಪು ಒಟ್ಟಿಗೆ ಬರುತ್ತವೆ. ಫಿಲ್ಟರ್ ಗುಂಪು ನೋಡುವುದಿಲ್ಲ. ಒಂದೊಂದೇ ಗೋಡೆಯನ್ನು ಹಿಡಿದು, ಇದು ನೆಲಮಹಡಿಯದೇ, ಮೊದಲ ಮಹಡಿಯದೂ ಹೌದೇ ಎಂದು ಕೇಳುತ್ತದೆ. ಎರಡಕ್ಕೂ ಹೌದು ಎನ್ನುವ ಗೋಡೆ ಇರುವುದಿಲ್ಲ. ಅಲ್ಲಿ ಬೇಕಾದದ್ದು ‘ಅಥವಾ’. ಕಾಮಗಾರಿಯ ವೇಳಾಪಟ್ಟಿ ಮಾಡುವ ಪ್ರಿಮಾವೆರಾ ಸಾಫ್ಟ್‌ವೇರ್‌ನಲ್ಲಿ ಕೆಲಸಗಳ ಪಟ್ಟಿ ಸೋಸುವಾಗಲೂ ‘ಕೆಳಗಿನ ಎಲ್ಲವೂ’, ‘ಕೆಳಗಿನ ಯಾವುದಾದರೂ’ ಎಂದು ಎರಡು ಆಯ್ಕೆ ಇಟ್ಟಿರುವುದು ಇದಕ್ಕೇ. ಮಾಡೆಲ್ ಕಟ್ಟುವ ರೆವಿಟ್ ಸಾಫ್ಟ್‌ವೇರ್‌ನಲ್ಲಿ ನಾನು ಬಳಸಿರುವ ಶೆಡ್ಯೂಲ್‌ಗಳಲ್ಲಂತೂ (ಮಾಡೆಲ್‌ನಿಂದ ತೆಗೆಯುವ ಪಟ್ಟಿಗಳು) ಷರತ್ತುಗಳು ‘ಮತ್ತು’ ಎಂದೇ ಕೂಡುತ್ತವೆ. ಹಾಗಾಗಿ ಎರಡು ಮಹಡಿಗೆ ಎರಡು ಶೆಡ್ಯೂಲ್ ಮಾಡಿ ಎಂದಾದರೂ ನೀವು ಹೇಳಬೇಕಿತ್ತು.

ಅದೇ ಸಾಲಿನ ‘ಮಹಡಿಯ ಗೋಡೆ’ ಎಂಬ ಮಾತನ್ನೂ ಬಿಡಲಾರೆ. ಗೋಡೆ, ಕಾಲಮ್, ಬೀಮ್, ಬಾಗಿಲು ನಾಲ್ಕಕ್ಕೂ ಮಹಡಿ ಸೂಚಿಸುವ ಗುಣದ ಹೆಸರು ‘ಲೆವೆಲ್’ ಎಂದು ಬರೆದುಬಿಟ್ಟಿದ್ದೀರಿ. ರೆವಿಟ್‌ನಲ್ಲಿ ಬಾಗಿಲಿಗೆ ‘ಲೆವೆಲ್’ ಸರಿ. ಗೋಡೆಗೆ ಅದು ‘ಬೇಸ್ ಕನ್‌ಸ್ಟ್ರೈಂಟ್’, ಕಾಲಮ್‌ಗೆ ‘ಬೇಸ್ ಲೆವೆಲ್’, ಬೀಮ್‌ಗೆ ‘ರೆಫರೆನ್ಸ್ ಲೆವೆಲ್’. ಅಂದರೆ ಗೋಡೆ ಯಾವ ಮಹಡಿಯದು ಎಂದು ತೀರ್ಮಾನಿಸುವುದು ಅದರ ಬುಡ. ಮೆಟ್ಟಿಲ ಪಕ್ಕದ ಗೋಡೆಯನ್ನು ನೆಲದಿಂದ ತಾರಸಿಯವರೆಗೆ ಒಂದೇ ಆಗಿ ಎಳೆದಿದ್ದರೆ ಅದು ಪೂರ್ತಿ ನೆಲಮಹಡಿಯ ಲೆಕ್ಕಕ್ಕೆ ಸೇರುತ್ತದೆ. ಮೊದಲ ಮಹಡಿಗೆ ಇಟ್ಟಿಗೆ ತರಿಸುವವರು ನಿಮ್ಮ ಪಟ್ಟಿ ನಂಬಿಕೊಂಡರೆ ಅಲ್ಲಿ ಲೋಡ್ ಕಮ್ಮಿ ಬೀಳುತ್ತದೆ.

ಇದನ್ನೆಲ್ಲ ತಿದ್ದಿಬಿಡಬಹುದು. ನನಗೆ ನಿಜಕ್ಕೂ ಬೇಸರ ತಂದದ್ದು ನಾಲ್ಕನೇ ಪುಟದ ಸಾಲು: “ಜರಡಿ ಹಿಡಿದಂತೆ, ಫಿಲ್ಟರ್ ಹಾಕಿದ ಕೂಡಲೇ ಎಲ್ಲ ಬಾಗಿಲುಗಳೂ ಪಟ್ಟಿಗೆ ಬಂದವು.”

ಎಲ್ಲ ಎಂದು ನಿಮಗೆ ಹೇಗೆ ಗೊತ್ತಾಯಿತು? ನಿಮ್ಮ ಚಿತ್ರದಲ್ಲಿರುವ ಷರತ್ತು, ಟೈಪ್ ಮಾರ್ಕ್, ಅಂದರೆ ಬಾಗಿಲಿನ ಬಗೆಯ ಗುರುತು, ‘ಡಿ’ಯಿಂದ ಶುರುವಾಗಬೇಕು ಎಂದು. ಪಟ್ಟಿಯ ಕೆಳಗೆ ಮೊತ್ತ 38 ಎಂದಿದೆ. ಮೂರನೇ ಪುಟದಲ್ಲಿ ಅದೇ ಕಟ್ಟಡದ ಎರಡೂ ಮಹಡಿಯ ನಕ್ಷೆ ಕೊಟ್ಟಿದ್ದೀರಿ. ಪೆನ್ಸಿಲ್ ಹಿಡಿದು ಕೂತು ಎಣಿಸಿದೆ. 41 ಬಂತು. ಇನ್ನೊಮ್ಮೆ ಎಣಿಸಿದೆ, ಆಗಲೂ 41. ಮೆಟ್ಟಿಲ ಕೆಳಗಿನ ಸ್ಟೋರ್ ರೂಮಿನದೊಂದು, ಹಿಂದಿನ ಶೌಚಾಲಯದವೆರಡು. ಆ ಮೂರರ ಪಕ್ಕದಲ್ಲಿ ಡಿ1, ಡಿ2 ಎಂಬ ಗುರುತೇ ಇಲ್ಲ. ಟೈಪ್ ಮಾರ್ಕ್ ಖಾಲಿ ಇರುವ ಬಾಗಿಲು ‘ಡಿ’ಯಿಂದ ಶುರುವಾಗಲು ಸಾಧ್ಯವಿಲ್ಲ, ಹಾಗಾಗಿ ಬರಲಿಲ್ಲ. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ, ಕೇಳಿದ್ದಷ್ಟನ್ನೇ ಕೊಟ್ಟಿದೆ. ಜರಡಿಯ ಹೋಲಿಕೆ ಕೆಡುವುದೂ ಇಲ್ಲೇ. ಮರಳು ಜರಡಿ ಹಿಡಿದಾಗ ಉಳಿದ ಕಲ್ಲು ಬಲೆಯ ಮೇಲೆ ಕಣ್ಣೆದುರಿಗೇ ಇರುತ್ತದೆ. ಫಿಲ್ಟರ್ ದಾಟದೆ ಉಳಿದದ್ದು ಕಣ್ಣಿಗೆ ಬೀಳುವುದಿಲ್ಲ.

1993ರಲ್ಲಿ ಡಿಪ್ಲೊಮಾ ಮುಗಿಸಿ ಶಿರಾ ಗೇಟ್ ಹತ್ತಿರ ಒಬ್ಬ ಕಂಟ್ರಾಕ್ಟರ್ ಬಳಿ ಸೇರಿದ್ದೆ. ಆಗ ಮಾಡೆಲ್ ಎಲ್ಲಿಯದು, ಅಮೋನಿಯಾ ಪ್ರಿಂಟಿನ ನಕ್ಷೆ, ಎಸ್ಟಿಮೇಟ್ ಹಾಳೆ, ಅಷ್ಟೇ. ಕ್ಯಾತ್ಸಂದ್ರದ ಕಡೆ ಒಂದು ಹಾಸ್ಟೆಲ್ ಕಟ್ಟುತ್ತಿದ್ದೆವು. ಬಾಗಿಲವಾಡಗಳ ಲೆಕ್ಕ ನನ್ನ ಪಾಲಿಗೆ ಬಂತು. ನಕ್ಷೆಯಲ್ಲಿದ್ದ ಡಿ1, ಡಿ2, ಡಿ3 ಕೂಡಿಸಿ 53 ಎಂದು ಬರೆದೆ. ಮತ್ತಿ ಮರದಲ್ಲಿ 53 ವಾಡಗಳು ತಯಾರಾದವು. ಸ್ನಾನದ ಮನೆಗಳ ಸಾಲಿಗೆ ಡ್ರಾಫ್ಟ್ಸ್‌ಮನ್ ಗುರುತು ಹಾಕಿರಲಿಲ್ಲ. ಅಲ್ಲಿ ಇನ್ನೂ 11 ಬೇಕಿತ್ತು. ವಾಡ ನಿಲ್ಲಿಸದೆ ಗೋಡೆ ಏಳುವ ಹಾಗಿಲ್ಲ. ನಾಲ್ಕು ದಿನ ಆ ಭಾಗದ ಕೆಲಸ ನಿಂತಿತು. ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬರು ಸಂಜೆ ತಲೆಯ ಸಿಂಬಿ ಬಿಚ್ಚುತ್ತಾ “ನಾಳೆನಾದ್ರೂ ಕೆಲ್ಸ ಐತಾ ಸಾಮಿ?” ಎಂದು ನನ್ನನ್ನೇ ಕೇಳಿದರು. ಆ ನಾಲ್ಕು ದಿನದ ಕೂಲಿ ಅವರಿಗೆ ಯಾರೂ ಕೊಡಲಿಲ್ಲ.

ನಮ್ಮ ಹಿರಿಯ ಸೂಪರ್‌ವೈಸರ್ ಬೈಯಲಿಲ್ಲ. ಅದೇ ನಕ್ಷೆ ಹಾಸಿ, ಕೈಗೊಂದು ಕೆಂಪು ಪೆನ್ಸಿಲ್ ಕೊಟ್ಟು, “ಎಣಿಸಿದ್ದಕ್ಕೆಲ್ಲಾ ಒಂದೊಂದು ಗೀಟು ಹಾಕ್ಕೊಂಡು ಬಾ. ಗೀಟು ಬೀಳ್ದೆ ಉಳಿದಿರೋವು ಯಾವು, ಅದನ್ನ ನನಗೆ ತೋರ್ಸು” ಎಂದರು. ಆಮೇಲೆ ಅವರು ನನ್ನ ಮೊತ್ತವನ್ನು ಯಾವತ್ತೂ ಕೇಳಲಿಲ್ಲ. ಉಳಿದವನ್ನೇ ಕೇಳುತ್ತಿದ್ದರು.

ಆ ಕೆಂಪು ಪೆನ್ಸಿಲ್ಲಿನ ಕೆಲಸ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಈಗ ಅದು ಎಷ್ಟು ಸುಲಭ! ಫಿಲ್ಟರ್ ಹಾಕುವ ಮೊದಲೇ ಬಾಗಿಲುಗಳ ಒಟ್ಟು ಸಂಖ್ಯೆ ಬರೆದಿಟ್ಟುಕೊಳ್ಳಿ. ಹಾಕಿದ ಮೇಲಿನ ಸಂಖ್ಯೆಯನ್ನು ಅದರಿಂದ ಕಳೆಯಿರಿ. ಫಿಲ್ಟರ್ ತೆಗೆದು ಬಾಗಿಲುಗಳನ್ನು ಟೈಪ್ ಮಾರ್ಕ್ ಪ್ರಕಾರ ವಿಂಗಡಿಸಿದರೆ ಖಾಲಿ ಇರುವವೆಲ್ಲ ಒಂದೇ ಕಡೆ ಬಂದು ಕೂರುತ್ತವೆ. ಬೇರೆ ಕಚೇರಿಯಿಂದ ಐಎಫ್‌ಸಿ ಫೈಲ್ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸುವ ಫೈಲ್) ಬಂದಿದ್ದರೆ ಇನ್ನೊಂದು ಕಡೆಯೂ ನೋಡಬೇಕು. ಬಾಗಿಲು ಎಂದು ಗುರುತಾಗದೆ ಹೊರಬಿದ್ದದ್ದು ‘ಐಎಫ್‌ಸಿ ಬಿಲ್ಡಿಂಗ್ ಎಲಿಮೆಂಟ್ ಪ್ರಾಕ್ಸಿ’ ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಬಾಗಿಲುಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ.

ನೀವು ಸೈಟಿನಲ್ಲಿರುವವರು, ಅದಕ್ಕೇ ಇಷ್ಟು ಬರೆದೆ. ಲೇಖನವನ್ನು ಆ ಮೂರು ಬಾಗಿಲುಗಳಿಂದ ಶುರುಮಾಡಿ. ಅವು ಯಾಕೆ ಬರಲಿಲ್ಲ, ನಿಮ್ಮದೇ ಮಾಡೆಲ್‌ನಲ್ಲಿ ಹೇಗೆ ಹುಡುಕಿದಿರಿ ಎಂದು ಹಂತ ಹಂತವಾಗಿ ಚಿತ್ರ ಸಮೇತ ಬರೆಯಿರಿ. ಮುಂದಿನ ತಿಂಗಳ ಹತ್ತರೊಳಗೆ ಕೈಸೇರಿದರೆ ಆ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ತೆಗೆದಿಡುತ್ತೇನೆ.

ನಿಮ್ಮ,
ಸಂಪಾದಕ