ಊರೋರು ‘ಈ ಪುಸ್ತಕ ತೆಗೀರಿ’ ಅಂತ ಗಲಾಟೆ ಮಾಡಿದಾಗ ಲೈಬ್ರರಿಯನ್ ಆದೋರು ಹೇಗೆ ತಡ್ಕೊಳ್ತೀರಾ?

ನಾನು ಅರಸೀಕೆರೆ ಕಡೆ ಒಂದು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೊಳ್ತೀನಿ, ಹನ್ನೊಂದು ವರ್ಷ ಆಯ್ತು. ನಿಜ ಹೇಳ್ಬೇಕು ಅಂದ್ರೆ ನಾನು ಮೊದ್ಲು ತಡ್ಕೊಳ್ಳಲಿಲ್ಲ. ಹೆದರ್ಕೊಂಡು ಪುಸ್ತಕಾನ ಬೀರು ಒಳಗಿಟ್ಟು ಬೀಗ ಹಾಕ್ಬಿಟ್ಟೆ.

ಅದೊಂದು ಕಥೆ ಪುಸ್ತಕ. ಅದ್ರಲ್ಲಿ ನಮ್ಮ ಜಾತಿಯೋರನ್ನ ಕೆಟ್ಟದಾಗಿ ಬರ್ದಿದಾರೆ ಅಂತ ಒಂದು ಗುಂಪು, ತೆಗೆದ್ರೆ ಸುಮ್ನಿರಲ್ಲ ಅಂತ ಇನ್ನೊಂದು ಗುಂಪು. 2019ರಲ್ಲಿ ನಮ್ಮನ್ನ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿಸಿದ ಮೇಲೆ ಇಂಥ ಮಾತೆಲ್ಲ ಮೆಂಬರ್ ಬಾಯಿಂದ್ಲೇ ಬರುತ್ತೆ, ಹಂಗಾಗಿ ಕೆಲ್ಸ ಹೋಗುತ್ತೇನೋ ಅನ್ನೋ ಭಯ ಬೇರೆ. ಎರಡೂ ಕಡೆಯವ್ರು ನಂಗೆ ಬೇಕಾದೋರೇ. ಜೋರು ಮಾಡಿದವ್ರಲ್ಲಿ ಒಬ್ಬಣ್ಣ ನನ್ನ ಮಗಳಿಗೆ ಡೆಂಗ್ಯೂ ಬಂದಾಗ ರಾತ್ರೋರಾತ್ರಿ ತಮ್ಮ ಕಾರಲ್ಲಿ ಹಾಸನಕ್ಕೆ ಕರ್ಕೊಂಡು ಹೋಗಿದ್ದೋರು, ಅವ್ರೇ ಬಂದು ‘ಏನವ್ವ, ನೀನೂ ಹಿಂಗೆ ಮಾಡ್ಬುಟ್ಯಲ್ಲ’ ಅಂದ್ರು. ಆ ರಾತ್ರಿ ಊಟ ಸೇರ್ಲಿಲ್ಲ. ಬೆಳಗ್ಗೆ ಡೈರಿಗೆ ಹಾಲು ಹಾಕಕ್ಕೆ ಹೋದ್ರೆ ಮಾತಾಡ್ತಿದ್ದ ಹೆಂಗಸ್ರೆಲ್ಲ ಸುಮ್ನಾಗೋರು. ಮನೇಲಿ ಯಜಮಾನ್ರೂ ‘ಬರೋ ದುಡ್ಡಿಗೆ ಇಷ್ಟೆಲ್ಲ ಬೇಕಾ, ಬಿಟ್ಬಿಡು’ ಅಂದ್ರು.

ಆದ್ರೆ ನಾಲ್ಕು ದಿನ ಆದ್ಮೇಲೆ ಗಲಾಟೆ ಮಾಡಿದೋರು ಕೇಳಿದ್ದು ಇಶ್ಯೂ ರಿಜಿಸ್ಟರ್. ಯಾರ್ಯಾರು ತಗೊಂಡು ಹೋಗಿದಾರೆ ತೋರ್ಸಿ ಅಂತ. ಅದ್ರಲ್ಲಿ ಇದ್ದಿದ್ದು ಮೂರೇ ಸಹಿ. ಒಂದು ಪಿಯುಸಿ ಹುಡುಗೀದು, ನೀಲಿ ಪೆನ್ನಲ್ಲಿ ಗುಂಡಗೆ ಬರ್ದಿದ್ಲು. ಮನೇಲಿ ಹೇಳ್ದೆ ತಗೊಂಡು ಹೋಗಿ ಎರಡೇ ದಿನಕ್ಕೆ ಪೇಪರಲ್ಲಿ ಸುತ್ಕೊಂಡು ತಂದು ಕೊಟ್ಟಿದ್ಲು. ಆ ಹೆಸ್ರು ಹೊರಗೆ ಬಂದಿದ್ರೆ ಅವ್ಳ ಓದೇ ನಿಂತು ಹೋಗೋದು. ಅದೆಲ್ಲಿತ್ತೋ ಧೈರ್ಯ, ತೋರ್ಸಲ್ಲ ಅಂದೆ. ಸಂಜೆ ರಿಜಿಸ್ಟರ್ ಮನೆಗೆ ತಂದು ರಾಗಿ ಡ್ರಮ್ಮಿನ ಹಿಂದೆ ಇಟ್ಟೆ.

ಆಮೇಲೆ ಅದೇ ಹುಡುಗಿ ಬಂದು ‘ಆಂಟಿ, ಆ ಬುಕ್ ನನ್ ಫ್ರೆಂಡಿಗೂ ಬೇಕಿತ್ತು’ ಅಂತ ರ್‍ಯಾಕೆಲ್ಲ ಹುಡುಕ್ತಾ ನಿಂತ್ಲು. ಬೀರು ಬೀಗದ ಕೈ ನನ್ ಸೊಂಟದಲ್ಲೇ ಇತ್ತು. ಲೈಬ್ರರಿ ಹೇಗೆ ನಡೀಬೇಕು ಅಂತ ಐದು ಸೂತ್ರ ಕೊಟ್ಟ ರಂಗನಾಥನ್ ಅವ್ರು 1931ರಲ್ಲೇ ಬರ್ದಿದ್ದು, ಪ್ರತಿ ಓದುಗರಿಗೂ ಅವ್ರ ಪುಸ್ತಕ ಸಿಗ್ಬೇಕು ಅಂತ, ನಾನು ಟ್ರೈನಿಂಗಲ್ಲಿ ನೋಟ್ಸ್ ಬರ್ಕೊಂಡಿದ್ದೆ. ತುಂಬಾ ನಾಚಿಕೆ ಆಯ್ತು. ಅವತ್ತೇ ಅವ್ಳ ಎದುರಿಗೇ ತೆಗೆದು ಕೊಟ್ಟೆ.

ಮಾರನೇ ದಿನ ಎರಡೂ ಗುಂಪಿನವ್ರಿಗೆ ಒಂದೇ ಮಾತು ಹೇಳಿದೆ. ಅಕ್ಸೆಶನ್ ನಂಬರ್, ಅಂದ್ರೆ ಲೈಬ್ರರಿ ದಾಖಲೆಗೆ ಸೇರಿದ ನಂಬರ್, ಬಿದ್ದ ಪುಸ್ತಕ ನನ್ನ ಸ್ವಂತದ್ದಲ್ಲ, ನನ್ನಿಷ್ಟಕ್ಕೆ ತೆಗೆಯಕ್ಕಾಗಲ್ಲ. 1965ರ ಗ್ರಂಥಾಲಯ ಕಾಯ್ದೆ ಬಂದಾಗಿಂದ ಲೈಬ್ರರಿ ಸೆಸ್, ಅಂದ್ರೆ ಲೈಬ್ರರಿಗೆ ಅಂತ ವಸೂಲಿ ಮಾಡೋ ತೆರಿಗೆ, ಹಾಕಿರೋದು ಒಂದು ಜಾತಿ ಮೇಲಲ್ಲ. ಆಕ್ಷೇಪ ಇದ್ರೆ ಯಾವ ಪೇಜು, ಯಾವ ಸಾಲು ಅಂತ ಬರ್ದು ಸಹಿ ಹಾಕಿ ಕೊಡಿ, ಮೇಲಿನವ್ರಿಗೆ ಕಳಿಸ್ತೀನಿ ಅಂದೆ. ಇವತ್ತಿನವರೆಗೂ ಯಾರೂ ಬರ್ದು ಕೊಟ್ಟಿಲ್ಲ. ನೀವೂ ಇದೇ ಕೆಲ್ಸದಲ್ಲಿದ್ರೆ ಮೊದಲನೇ ದಿನವೇ ಬರ್ದು ಕೊಡಿ ಅನ್ನಿ, ನನ್ ಹಾಗೆ ಪುಸ್ತಕಾನ ಬೀರು ಒಳಗಿಟ್ಟು ಬೀಗ ಹಾಕ್ಬೇಡಿ.

ಆ ಅಣ್ಣ ಪೇಪರ್ ಓದಕ್ಕೆ ಬರೋದು ನಿಲ್ಸಿದಾರೆ. ದಾರೀಲಿ ಸಿಕ್ಕಾಗೆಲ್ಲ ನಾನೇ ‘ಊಟ ಆಯ್ತಾ ಅಣ್ಣ’ ಅಂತ ಮಾತಾಡ್ಸ್ತೀನಿ. ಹೂಂ ಅಂತಾರೆ, ಅಷ್ಟೇ.